ಹಬ್ಬವನ್ನು ಮಕ್ಕಳ ಕೈಗೆ ಕೊಡೋಣ

(ಆಗಮನ ಕಾಲದ ಆರಂಭದಲ್ಲಿ ಧರ್ಮಕೇಂದ್ರದ ಕುಟುಂಬಗಳಿಗೆ ನೀಡಿದ ಕ್ರಿಸ್ತ ಜಯಂತಿ ಪ್ರಬೋಧನೆ)



ನಮ್ಮ ಕನ್ನಡದಲ್ಲಿ 'ಗೋದಲಿ' ಎಂಬ ಸೊಗಸಾದ ಪದವೊಂದಿದೆ. ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು, ಹಿಂಡಿ, ಬೂಸ ಹಾಕುವ ಜಾಗ ಅದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಜನ ಅದನ್ನು 'ಗ್ವಾದಲಿ' ಎನ್ನುತ್ತಾರೆ. ಛತ್ರದಲ್ಲಿ ಸ್ಥಳ ಸಿಗದೆ ಹೋದಾಗ ಮಾತೆ ಮರಿಯಮ್ಮನವರು ತಮ್ಮ ಚೊಚ್ಚಲ ಕಂದನನ್ನು ಮಲಗಿಸಿದ್ದು ಇಂಥದೊಂದು ಗೋದಲಿಯಲ್ಲಿ ಎಂದು ಶುಭಸಂದೇಶಕಾರ ಸಂತ ಲೂಕರು ತಿಳಿಸುತ್ತಾರೆ. ಈಗ ನಮ್ಮ ಪಟ್ಟಣದ ಮಕ್ಕಳನ್ನು 'ಗೋದಲಿ ಎಂದರೇನು?' ಎಂದು ಕೇಳಿ ನೋಡಿ. 'ಕ್ರಿಸ್ಮಸ್ಸಿಗೆ ಬೊಂಬೆ ಜೋಡಿಸುವ ಮನೆ' ಎನ್ನುತ್ತಾರೆ. ಪದ ಉಳಿದುಕೊಂಡಿದೆ, ಆದರೆ ಅದರ ಒಳಗಿದ್ದ ಅರ್ಥ ಜಾರಿಹೋಗಿದೆ. ಭೂಮ್ಯಾಕಾಶಗಳನ್ನು ಉಂಟುಮಾಡಿದ ದೇವರ ಪುತ್ರ ದನ ಮೇಯುವ ಜಾಗದಲ್ಲಿ ಮಲಗಿದನೆಂಬ ಬೆರಗು ಆ ಪದದಿಂದ ಹೊರಟುಹೋಗಿದೆ.

ಇದು ಮಕ್ಕಳ ತಪ್ಪಲ್ಲ. ದನದ ಕೊಟ್ಟಿಗೆಯನ್ನೇ ಕಾಣದೆ ಬೆಳೆಯುವ ಮಗುವಿಗೆ ಗೋದಲಿ ಏನೆಂದು ಯಾರಾದರೂ ಹೇಳಬೇಕು. ಹೇಳಬೇಕಾದವರು ನಾವು. ಅಪ್ಪ ಅಮ್ಮ, ಅಜ್ಜ ಅಜ್ಜಿ, ಗುರುಗಳು, ಧರ್ಮೋಪದೇಶದ ಶಿಕ್ಷಕರು. ಆದ್ದರಿಂದ ಈ ಆಗಮನ ಕಾಲದಲ್ಲಿ ನಾವೆಲ್ಲರೂ ಒಂದೇ ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಈ ವರ್ಷದ ಕ್ರಿಸ್ಮಸ್ ಹಬ್ಬದಿಂದ ನಮ್ಮ ಮಕ್ಕಳ ಪಾಲಿಗೆ ಏನು ಉಳಿಯುತ್ತದೆ?

ಕೊಡುವುದೇ ಸಂಪ್ರದಾಯ

'ಸಂಪ್ರದಾಯ' ಎಂದೊಡನೆ ಹಳೆಯದು, ಹಿಂದಿನವರದು ಎಂದು ನಾವು ತಿಳಿಯುತ್ತೇವೆ. ಆದರೆ ಆ ಪದದ ಬೇರು 'ದಾ' ಎಂಬ ಸಂಸ್ಕೃತ ಧಾತು. ದಾ ಎಂದರೆ ಕೊಡು. ಚೆನ್ನಾಗಿ, ಪೂರ್ಣವಾಗಿ ಮುಂದಿನವರ ಕೈಗೆ ಕೊಡುವುದೇ ಸಂಪ್ರದಾಯ. ಲತೀನ್ ಭಾಷೆಯಲ್ಲಿಯೂ ಧರ್ಮಸಭೆ ಇದಕ್ಕೆ ಬಳಸುವ ಪದದ ಅರ್ಥ ಕೈ ದಾಟಿಸುವುದು ಎಂದೇ. ಕೊಡುವ ಕೈ ಇದ್ದು ಪಡೆಯುವ ಕೈ ಇಲ್ಲದಿದ್ದರೆ ಸಂಪ್ರದಾಯ ಅಲ್ಲಿಗೇ ನಿಂತುಹೋಗುತ್ತದೆ.

ಪ್ರಭು ಯೇಸು ಸಹ ಹೀಗೆಯೇ ಬೆಳೆದರು. ಎಂಟನೆಯ ದಿನ ಅವರಿಗೆ ಹೆಸರಿಡಲಾಯಿತು. ನಲವತ್ತು ದಿನಗಳಾದ ಮೇಲೆ ಅವರನ್ನು ಮಹಾದೇವಾಲಯಕ್ಕೆ ಕರೆದೊಯ್ದು ದೇವರಿಗೆ ಸಮರ್ಪಿಸಲಾಯಿತು. ಮರಿಯಮ್ಮ ಮತ್ತು ಜೋಸೆಫರು ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರು; ಹನ್ನೆರಡು ವರ್ಷದ ಬಾಲಕನೂ ಪದ್ಧತಿಯಂತೆ ಅವರೊಡನೆ ಹೋದ. ದೇವಪುತ್ರನಿಗೂ ಹಬ್ಬವನ್ನು ಕಲಿಸಿಕೊಟ್ಟದ್ದು ಒಬ್ಬ ತಾಯಿ ಮತ್ತು ಒಬ್ಬ ಬಡಗಿ ತಂದೆ! ಆ ಪಾಸ್ಕ ಹಬ್ಬದಲ್ಲಿ ಮಕ್ಕಳಿಗೆ ವಿಶೇಷವಾದ ಪಾತ್ರವಿತ್ತು. ಈ ಆಚರಣೆಯ ಅರ್ಥವೇನೆಂದು ನಿಮ್ಮ ಮಕ್ಕಳು ಕೇಳುವಾಗ ಉತ್ತರ ಹೇಳಲು ಸಿದ್ಧರಾಗಿರಿ ಎಂದು ವಿಮೋಚನಾಕಾಂಡದಲ್ಲಿ ಮೋಶೆ ಜನರಿಗೆ ತಿಳಿಸುತ್ತಾರೆ. ಮಗು ಕೇಳಬೇಕು, ದೊಡ್ಡವರು ಹೇಳಬೇಕು. ವಿಶ್ವಾಸ ದಾಟುವ ಸೇತುವೆ ಇದು.

ಈ ಸೇತುವೆ ಎಷ್ಟು ಗಟ್ಟಿಯಾದುದು ಎಂಬುದಕ್ಕೆ ಜಪಾನ್ ದೇಶದಲ್ಲಿ ನಡೆದ ಒಂದು ಘಟನೆ ಸಾಕ್ಷಿ. ಅಲ್ಲಿ 1614ರಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಲಾಯಿತು. ಗುರುಗಳನ್ನು ಹೊರಗಟ್ಟಿದರು, ಉಳಿದವರನ್ನು ಹಿಡಿದು ಕೊಂದರು. ದೇವಾಲಯಗಳು ನೆಲಸಮವಾದವು. ಎರಡು ಶತಮಾನಗಳಿಗೂ ಮಿಕ್ಕಿ ಅಲ್ಲಿನ ವಿಶ್ವಾಸಿಗಳಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಅನಂತರ ನಾಗಸಾಕಿ ಪಟ್ಟಣದ ಓಉರಾ ಎಂಬಲ್ಲಿ, ವಿದೇಶಿಯರ ಉಪಯೋಗಕ್ಕೆಂದು ಒಂದು ಹೊಸ ದೇವಾಲಯ ಎದ್ದಿತು. ಅಲ್ಲಿದ್ದವರು ಫಾದರ್ ಪೆಟಿಜಾನ್. ನಮ್ಮ ಮೈಸೂರು ಸೀಮೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳೇ ಅವರು. 1865ರ ಮಾರ್ಚ್ 17ರಂದು ಸಮೀಪದ ಉರಾಕಾಮಿ ಹಳ್ಳಿಯ ಒಂದು ಸಣ್ಣ ಗುಂಪು ಅಲ್ಲಿಗೆ ಬಂತು. ಒಬ್ಬ ಹೆಂಗಸು ಗುರುಗಳ ಹತ್ತಿರ ಬಂದು, ನಮ್ಮ ಹೃದಯವೂ ನಿಮ್ಮದೂ ಒಂದೇ ಎಂದು ಪಿಸುಗುಟ್ಟಿದಳು. ಮಾತೆ ಮರಿಯಮ್ಮನವರ ಸ್ವರೂಪ ಎಲ್ಲಿದೆ ಎಂದು ಕೇಳಿದಳು. ತಾಯಿಯ ತೋಳಿನಲ್ಲಿದ್ದ ಬಾಲಯೇಸುವನ್ನು ಕಂಡೊಡನೆ ಅವರಿಗೆ ನೆನಪಾದದ್ದು ಕ್ರಿಸ್ತ ಜಯಂತಿ! ಚಳಿಯ ತಿಂಗಳ ಇಪ್ಪತ್ತೈದನೆಯ ದಿನ ನಾವು ಪ್ರಭುವಿನ ಹಬ್ಬ ಮಾಡುತ್ತೇವೆ, ಆ ದಿನ ನಡುರಾತ್ರಿ ಅವರು ಕೊಟ್ಟಿಗೆಯಲ್ಲಿ ಹುಟ್ಟಿದರೆಂದು ನಮ್ಮ ಹಿರಿಯರು ಹೇಳಿದ್ದಾರೆ ಎಂದು ಅವರು ವಿವರಿಸಿದರು.

ಆಲೋಚಿಸಿ ನೋಡಿ, ಪ್ರಿಯರೇ. ಗುರುಗಳಿರಲಿಲ್ಲ, ಗಂಟೆಯಿರಲಿಲ್ಲ, ಗಾಯನವೃಂದವಿರಲಿಲ್ಲ, ಮನೆಯ ಮೇಲೆ ನಕ್ಷತ್ರ ಕಟ್ಟಿದ್ದರೆ ತಲೆ ಹೋಗುತ್ತಿತ್ತು. ಆದರೂ ತಲೆಮಾರಿನಿಂದ ತಲೆಮಾರಿಗೆ ಅಜ್ಜಿ ಮೊಮ್ಮಗುವಿನ ಕಿವಿಯಲ್ಲಿ ಹೇಳುತ್ತಾ ಬಂದಳು. ಹಬ್ಬ ಉಳಿಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು 'ಗೃಹ ಧರ್ಮಸಭೆ' ಎಂದು ಕರೆಯಿತು. ಮಕ್ಕಳಿಗೆ ವಿಶ್ವಾಸವನ್ನು ಸಾರುವ ಮೊದಲಿಗರು ತಂದೆತಾಯಿಗಳೇ ಎಂದು ಬೋಧಿಸಿತು. ಆ ಹೆಸರು ಬರುವುದಕ್ಕೆ ಎಷ್ಟೋ ಮೊದಲೇ ಜಪಾನಿನ ಆ ಬಡ ರೈತರು ಅದನ್ನು ಬದುಕಿ ತೋರಿಸಿದ್ದರು.

ನಮಗೆ ಎಲ್ಲವೂ ಇದೆ. ಮನೆಯ ಮೇಲೆ ನಕ್ಷತ್ರ, ಬಣ್ಣದ ಸೀರಿಯಲ್ ಲೈಟು, ಬೇಕರಿಯ ಕೇಕು, ಹೊಸ ಬಟ್ಟೆ. ಇವು ಬೇಡವೆಂದಲ್ಲ. ಹಬ್ಬಕ್ಕೆ ಸಡಗರ ಇರಲೇಬೇಕು. ಆದರೆ ಒಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ನಾವು ವರ್ಷ ವರ್ಷವೂ ಏನೇನು ಮಾಡುತ್ತೇವೋ ಅದೆಲ್ಲವೂ ಮಕ್ಕಳ ಪಾಲಿಗೆ ಸಂಪ್ರದಾಯವೇ. ಹಬ್ಬದ ದಿನ ಅಪ್ಪ ಕುಡಿದು ಬರುವುದು ಒಂದು ಮನೆಯ ರೂಢಿಯಾದರೆ, ಆ ಮನೆಯ ಮಗು ಕ್ರಿಸ್ಮಸ್ ಎಂದರೆ ಹೆದರಿಕೊಂಡು ಕಾಯುವ ರಾತ್ರಿ ಎಂದೇ ಕಲಿಯುತ್ತದೆ. ಹೊಸ ಬಟ್ಟೆಗಾಗಿ ಮೀಟರ್ ಬಡ್ಡಿ ಸಾಲ ತಂದು ಜನವರಿಯಿಡೀ ಗಂಡಹೆಂಡತಿ ಜಗಳವಾಡಿದರೆ, ಮಗು ಅದನ್ನೂ ಕಲಿಯುತ್ತದೆ. ಬಲಿಪೂಜೆ ಮುಗಿಸಿ ಬಂದು ಎಲ್ಲರೂ ತಮ್ಮ ತಮ್ಮ ಮೊಬೈಲು ಹಿಡಿದು ಬೇರೆ ಬೇರೆ ಮೂಲೆ ಸೇರಿದರೆ, ಅದೂ ಒಂದು ಪಾಠ. ಕೊಡುತ್ತೇವೋ ಇಲ್ಲವೋ ಎಂಬ ಆಯ್ಕೆ ನಮಗಿಲ್ಲ. ಏನನ್ನು ಕೊಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾದರೆ ಒಳ್ಳೆಯ ಸಂಪ್ರದಾಯವನ್ನು ಮಕ್ಕಳಿಗೆ ಹೇಗೆ ಕೊಡೋಣ? ಮೂರು ದಾರಿಗಳನ್ನು ಧ್ಯಾನಿಸೋಣ. ಮಗುವಿನ ಕೈಗೆ ಕೆಲಸ ಕೊಡೋಣ. ಮಗುವಿನ ಕಿವಿಗೆ ಕಥೆ ಕೊಡೋಣ. ಮಗುವಿಗೆ ತೆರೆದ ಬಾಗಿಲನ್ನು ತೋರಿಸೋಣ.

ಮೊದಲನೆಯದು: ಕೈಗೆ ಕೆಲಸ

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ತ ಜಯಂತಿಯಂದು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯನ್ನು ಏರ್ಪಡಿಸಿದರು. ಅಲ್ಲಿ ಹುಲ್ಲು ತುಂಬಿದ ನಿಜವಾದ ಗೋದಲಿಯಿತ್ತು, ಜೀವಂತ ಎತ್ತು ಮತ್ತು ಕತ್ತೆ ಇದ್ದವು. ಸುತ್ತಲಿನ ಊರಿನವರು ದೀವಟಿಗೆ ಹಿಡಿದು ಬಂದರು. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಡೀಕನರಾಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಪ್ರಬೋಧನೆ ನೀಡಿದರು. ಬೆತ್ಲೆಹೇಮಿನ ಶಿಶು ಅನುಭವಿಸಿದ ಬಡತನವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆಯಾಗಿತ್ತು. ಈ ಘಟನೆಗೆ 2023ರಲ್ಲಿ 800 ವರ್ಷಗಳು ತುಂಬಿದವು. ಅದಕ್ಕೂ ಮೊದಲು, 2019ರ ಡಿಸೆಂಬರ್ 1ರಂದು, ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೊ ಊರಿಗೆ ಹೋಗಿ ಗೋದಲಿಯ ಕುರಿತಾದ ಪತ್ರಕ್ಕೆ ಸಹಿ ಹಾಕಿ, ಮನೆಗಳಲ್ಲಿ ಗೋದಲಿ ಕಟ್ಟುವ ರೂಢಿಯನ್ನು ಬಿಡಬೇಡಿರೆಂದು ಕುಟುಂಬಗಳನ್ನು ಉತ್ತೇಜಿಸಿದರು.

ನಮ್ಮ ಮನೆಗಳಲ್ಲೂ ಗೋದಲಿಯಿದೆ. ಆದರೆ ಅದನ್ನು ಕಟ್ಟುವವರು ಯಾರು? ಅಂಗಡಿಯಿಂದ ಸಿದ್ಧ ಗೋದಲಿ ತಂದು ಟಿ.ವಿ. ಪಕ್ಕದಲ್ಲಿಟ್ಟು, 'ಮುಟ್ಟಬೇಡ, ಒಡೆದುಹೋಗುತ್ತದೆ' ಎಂದು ಮಗುವನ್ನು ಗದರಿಸುವುದಾದರೆ, ಆ ಗೋದಲಿ ಮಗುವಿನದಾಗುವುದು ಯಾವಾಗ? ಒಂದು ಕುರಿಯ ಕಾಲು ಮುರಿದರೆ ಮುರಿಯಲಿ. ಅಂಟು ಹಾಕಿ ಕೂರಿಸಿದ ಆ ಕುಂಟ ಕುರಿಯನ್ನೇ ಮಗು ದೊಡ್ಡದಾದ ಮೇಲೂ ನೆನೆಯುತ್ತದೆ.

ನಮ್ಮ ಹಿರಿಯರಲ್ಲಿ ಒಂದು ಚೆಂದದ ಪದ್ಧತಿಯಿತ್ತು, ಈಗಲೂ ಅನೇಕ ಮನೆಗಳಲ್ಲಿದೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಹಳೆಯ ತಟ್ಟೆಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುವುದು. ಹಬ್ಬದ ಹೊತ್ತಿಗೆ ಎಳೆಯ ಪೈರು ಹಸಿರಾಗಿ ನಿಂತಿರುತ್ತದೆ. ಅದೇ ಗೋದಲಿಯ ಹುಲ್ಲುಗಾವಲು. ಈ ವರ್ಷ ರಾಗಿ ಚೆಲ್ಲುವ ಕೆಲಸವನ್ನು ಮಗುವಿಗೇ ಕೊಡಿ. ದಿನವೂ ನೀರು ಚಿಮುಕಿಸಲಿ. ಮೊದಲ ಎರಡು ದಿನ ಏನೂ ಕಾಣುವುದಿಲ್ಲ. 'ಅಮ್ಮಾ, ಇದು ಬರುತ್ತೋ ಇಲ್ವೋ?' ಎಂದು ಕೇಳಿಯೇ ಕೇಳುತ್ತದೆ. ಆಗ ಹೇಳಿ: ಇದೇ ಆಗಮನ ಕಾಲ. ದೇವರು ಕೆಲಸ ಮಾಡುತ್ತಿರುವಾಗ ನಮಗೆ ಮಣ್ಣು ಮಾತ್ರ ಕಾಣುತ್ತದೆ. ಗುಂಡಿ ಒತ್ತಿದರೆ ಎಲ್ಲವೂ ಮನೆ ಬಾಗಿಲಿಗೆ ಬರುವ ಈ ಕಾಲದಲ್ಲಿ ಕಾಯುವುದನ್ನು ಕಲಿಸಲು ಒಂದು ಹಿಡಿ ರಾಗಿಗಿಂತ ಒಳ್ಳೆಯ ಉಪದೇಶಿ ಸಿಗಲಾರ.

ಬರಿದಾದ ಗೋದಲಿಯ ಪಕ್ಕದಲ್ಲಿ ಒಂದಿಷ್ಟು ಹುಲ್ಲುಕಡ್ಡಿ ಇಡಿ. ಮನೆಯವರು ಯಾರಾದರೂ ಒಂದು ಸತ್ಕಾರ್ಯ ಮಾಡಿದ ದಿನ, ಯಾರಿಗೂ ಹೇಳದೆ ಒಂದು ಕಡ್ಡಿಯನ್ನು ಗೋದಲಿಯೊಳಗೆ ಇಡಲಿ. ಬಾಲಯೇಸುವಿಗೆ ಮೆತ್ತನೆಯ ಹಾಸಿಗೆ ಸಿದ್ಧವಾಗುವುದು ಹೀಗೆ. 24ರ ರಾತ್ರಿಯವರೆಗೆ ಬಾಲಯೇಸುವಿನ ಸ್ವರೂಪವನ್ನು ತೆಗೆದಿಟ್ಟು, ಬಲಿಪೂಜೆಯಿಂದ ಬಂದ ಮೇಲೆ ಮನೆಯ ಅತ್ಯಂತ ಕಿರಿಯ ಮಗುವಿನ ಕೈಯಿಂದ ಮಲಗಿಸಿರಿ. ಮೂವರು ಜ್ಞಾನಿಗಳನ್ನು ಕೋಣೆಯ ಇನ್ನೊಂದು ತುದಿಯಲ್ಲಿಟ್ಟು, ಮಕ್ಕಳು ದಿನಕ್ಕೊಂದಿಷ್ಟು ಮುಂದಕ್ಕೆ ನಡೆಸಲಿ. ಹಿರಿಯರು ಮೂರು ರಾಯರ ಹಬ್ಬ ಎನ್ನುತ್ತಿದ್ದ ದಿನಕ್ಕೆ ಅವರು ಗೋದಲಿ ಮುಟ್ಟಲಿ. 26ರಂದೇ ಹಬ್ಬ ಮುಗಿಯಿತೆಂದು ಎಲ್ಲವನ್ನೂ ಕಟ್ಟಿಡುವ ಆತುರ ಆಗ ಇರುವುದಿಲ್ಲ.

ಅಡುಗೆಮನೆಯಲ್ಲಿಯೂ ಹೀಗೆಯೇ. ಕರಾವಳಿಯವರ ಕುಸ್ವಾರ್ ಇರಲಿ, ಬಯಲುಸೀಮೆಯವರ ಕರ್ಜಿಕಾಯಿ, ಕಜ್ಜಾಯ, ಚಕ್ಕುಲಿ ಇರಲಿ, ಇವು ಒಬ್ಬರೇ ಕೂತು ಮಾಡುವ ತಿಂಡಿಗಳಲ್ಲ. ಕಲ್‌ಕಲ್ ಮಾಡುವಾಗ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತುವುದಕ್ಕೆ ಸಣ್ಣ ಬೆರಳುಗಳೇ ಬೇಕು. ಕರ್ಜಿಕಾಯಿಯ ಅಂಚು ಮಡಿಸುವುದನ್ನು ಹುಡುಗಿಯರಷ್ಟೇ ಅಲ್ಲ, ಹುಡುಗರೂ ಕಲಿಯಲಿ. ಅಪ್ಪಂದಿರೂ ಒಂದು ಮಣೆ ಹಾಕಿಕೊಂಡು ಕೂರಲಿ. ಗಾರ್ಮೆಂಟ್ಸಿಗೋ ಆಫೀಸಿಗೋ ಹೋಗಿ ರಾತ್ರಿ ದಣಿದು ಬರುವ ತಾಯಂದಿರು ಹತ್ತು ಬಗೆ ಮಾಡಬೇಕಾಗಿಲ್ಲ. ಒಂದೇ ಬಗೆ ಸಾಕು, ಎಲ್ಲರೂ ಕೂಡಿ ಮಾಡಿದರೆ. ಸೊಟ್ಟಗಾದ ಕರ್ಜಿಕಾಯಿಯೂ ರುಚಿಯೇ.

ಎರಡನೆಯದು: ಕಿವಿಗೆ ಕಥೆ

ಕೈ ಮಾಡಿದ್ದನ್ನು ಮನಸ್ಸು ಅರಿಯಬೇಕು. ಗೋದಲಿಯಲ್ಲಿ ಎತ್ತು ಕತ್ತೆ ಯಾಕಿವೆ? ಲೂಕರ ಶುಭಸಂದೇಶದಲ್ಲಿ ಅವುಗಳ ಮಾತೇ ಇಲ್ಲ. ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಎತ್ತಿಗೂ ಕತ್ತೆಗೂ ತಮ್ಮ ಒಡೆಯನ ಗುರುತಿದೆ, ನನ್ನ ಜನರಿಗೆ ಮಾತ್ರ ಇಲ್ಲ ಎಂದು ದೇವರು ಅಲ್ಲಿ ನೊಂದು ನುಡಿಯುತ್ತಾರೆ. ಗೋದಲಿಯಲ್ಲಿ ಆ ಮೂಕ ಪ್ರಾಣಿಗಳು ನಿಂತಿರುವುದು ನಮ್ಮನ್ನು ಕೇಳುವುದಕ್ಕೆ: ನಮಗೆ ಗೊತ್ತಾಯಿತು, ನಿಮಗೆ ಗೊತ್ತಾಯಿತೇ? ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂದರ್ಥ. ರೊಟ್ಟಿಯ ಮನೆಯೆಂಬ ಊರಿನಲ್ಲಿ, ಮೇವು ಹಾಕುವ ಗೋದಲಿಯಲ್ಲಿ ಮಲಗಿದ ಶಿಶುವೇ ಪರಮಪ್ರಸಾದವಾಗಿ ನಮಗೆ ಆಹಾರವಾಗಿದ್ದಾರೆ. ಹೊಸದಾಗಿ ಪರಮಪ್ರಸಾದ ಸ್ವೀಕರಿಸಿದ ಮಗು ಮನೆಯಲ್ಲಿದ್ದರೆ ಈ ಒಂದು ಮಾತನ್ನು ಗೋದಲಿಯ ಮುಂದೆ ಕೂತು ಹೇಳಿ. ಅದು ಮರೆಯುವುದಿಲ್ಲ.

'ಸಾಂತಾ ಕ್ಲಾಸ್ ನಿಜವಾಗಿಯೂ ಇದ್ದಾರಾ?' ಎಂದು ಮಗು ಕೇಳುವ ದಿನ ಬಂದೇ ಬರುತ್ತದೆ. ಆಗ ಗಲಿಬಿಲಿಗೊಳ್ಳಬೇಡಿ. ಡಿಸೆಂಬರ್ 6 ಸಂತ ನಿಕೋಲಸರ ಹಬ್ಬ. ಇಂದಿನ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಪಟ್ಟಣಕ್ಕೆ ನಾಲ್ಕನೆಯ ಶತಮಾನದಲ್ಲಿ ಧರ್ಮಾಧ್ಯಕ್ಷರಾಗಿದ್ದವರು ಅವರು. ಮೂವರು ಹೆಣ್ಣುಮಕ್ಕಳಿದ್ದ ಒಬ್ಬ ಬಡ ತಂದೆ ವರದಕ್ಷಿಣೆಗೆ ಹಣವಿಲ್ಲದೆ ಕಂಗಾಲಾಗಿದ್ದಾಗ, ಅವರು ರಾತ್ರಿಯ ಹೊತ್ತು ಯಾರಿಗೂ ತಿಳಿಯದಂತೆ ಆ ಮನೆಯೊಳಗೆ ಹೊನ್ನಿನ ಗಂಟು ಎಸೆದು ಹೋದರೆಂದು ಪರಂಪರೆಯ ಕಥೆ. ಕೊಟ್ಟವನ ಹೆಸರು ತಿಳಿಯಬಾರದು, ಪಡೆದವನ ಮಾನ ಉಳಿಯಬೇಕು. ಇದು ಸಾಂತಾ ಕ್ಲಾಸನ ನಿಜವಾದ ಬೇರು. ಆ ದಿನ ಮನೆಯವರೆಲ್ಲರ ಹೆಸರನ್ನು ಚೀಟಿಯಲ್ಲಿ ಬರೆದು ಎತ್ತಿರಿ. ಯಾರಿಗೆ ಯಾರ ಹೆಸರು ಬಂತೋ ಅವರಿಗಾಗಿ ಹಬ್ಬದವರೆಗೆ ಗುಟ್ಟಾಗಿ ಪ್ರಾರ್ಥಿಸುವುದು, ಗುಟ್ಟಾಗಿ ಒಂದು ಸಹಾಯ ಮಾಡುವುದು. ಅಜ್ಜನ ಚಪ್ಪಲಿ ಒರೆಸಿಡುವುದು, ಅಕ್ಕನ ಪಾಲಿನ ಪಾತ್ರೆ ತೊಳೆಯುವುದು. ಕಾಸು ಖರ್ಚಿಲ್ಲದ ಉಡುಗೊರೆ ಇದು.

ಆಗಮನ ಕಾಲದ ನಾಲ್ಕು ಮೋಂಬತ್ತಿಗಳ ಕಥೆಯನ್ನೂ ಹೇಳಬಹುದು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೊಹಾನ್ ವಿಕರ್ನ್ ಎಂಬ ಲೂಥರನ್ ಪಾದ್ರಿಗಳು ತಾವು ಸಾಕುತ್ತಿದ್ದ ಬಡ ಮಕ್ಕಳಿಗಾಗಿ ಬಂಡಿಯ ಗಾಲಿಯೊಂದರ ಮೇಲೆ ಬತ್ತಿಗಳನ್ನಿಟ್ಟು, ಹಬ್ಬಕ್ಕೆ ಉಳಿದ ದಿನಗಳನ್ನು ಎಣಿಸಲು ಕಲಿಸಿದರು. ಸಹೋದರ ಸಭೆಯಿಂದ ಬಂದ ಆ ಬೆಳಕು ಇಂದು ನಮ್ಮ ಪೀಠದ ಬಳಿಯೂ ಉರಿಯುತ್ತಿದೆ.

16ರಿಂದ 24ರವರೆಗಿನ ಒಂಬತ್ತು ಸಂಜೆಗಳನ್ನು ನಾವು ನವೇನಕ್ಕೆ ಮೀಸಲಿಡುತ್ತೇವೆ. ಹತ್ತೇ ಹತ್ತು ನಿಮಿಷ ಸಾಕು. ಎಲ್ಲ ಮೊಬೈಲುಗಳೂ ಒಂದು ಬುಟ್ಟಿಗೆ ಬೀಳಲಿ, ಮೊದಲು ಅಪ್ಪನದು! ಗೋದಲಿಯ ಮುಂದೆ ಕೂತು ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದ ಕೆಲವು ಸಾಲುಗಳನ್ನು ಮಗು ಓದಲಿ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳು ಕನ್ನಡ ಬೈಬಲ್ಲನ್ನು ತಡವರಿಸಿ ಓದುತ್ತಾರೆ. ನಗಬೇಡಿ, ತಿದ್ದುತ್ತಾ ಕೂರಿರಿ. ಮನೆಯಲ್ಲಿ ಆಡುವ ನುಡಿ ಕನ್ನಡವಿರಲಿ, ಕೊಂಕಣಿಯಿರಲಿ, ತಮಿಳಿರಲಿ, ಆ ನುಡಿಯಲ್ಲಿ ಪ್ರಾರ್ಥಿಸಲು ಬಾರದ ಮಗುವಿಗೆ ಅಜ್ಜಿಯ ವಿಶ್ವಾಸದ ಬಾಗಿಲು ಅರ್ಧ ಮುಚ್ಚಿದಂತೆಯೇ. ಓದಿದ ಮೇಲೆ ಅಜ್ಜ ಅಜ್ಜಿಯರು ತಮ್ಮ ಬಾಲ್ಯದ ಹಬ್ಬವನ್ನು ಹೇಳಲಿ. ಕಂದೀಲು ಹಿಡಿದು ಎಷ್ಟು ಮೈಲಿ ನಡೆದು ರಾತ್ರಿ ಪೂಜೆಗೆ ಹೋಗುತ್ತಿದ್ದರು, ವರ್ಷಕ್ಕೊಂದೇ ಹೊಸ ಬಟ್ಟೆಯ ಸಂಭ್ರಮ ಹೇಗಿತ್ತು ಎಂಬುದನ್ನು ಕೇಳಲು ಮಕ್ಕಳಿಗೆ ಇಷ್ಟ. ಮಕ್ಕಳು ಮೊಮ್ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ ಇದ್ದರೆ 24ರಂದು ವೀಡಿಯೋ ಕರೆ ಮಾಡಿ 'ಹ್ಯಾಪಿ ಕ್ರಿಸ್ಮಸ್' ಎಂದಷ್ಟೇ ಹೇಳಿ ಮುಗಿಸಬೇಡಿ. ಆ ಶುಭಸಂದೇಶವನ್ನು ಎರಡೂ ಕಡೆಯವರು ಒಟ್ಟಿಗೆ ಓದಿರಿ.

ಮೂರನೆಯದು: ತೆರೆದ ಬಾಗಿಲು

ಪ್ರಿಯರೇ, ಮೊದಲ ಕ್ರಿಸ್ಮಸ್ ನಡೆದದ್ದು ಬಾಗಿಲು ಮುಚ್ಚಿದ ಊರಿನಲ್ಲಿ. ಆದ್ದರಿಂದ ಬಾಗಿಲು ತೆರೆಯದ ಮನೆಯಲ್ಲಿ ಎಷ್ಟೇ ದೊಡ್ಡ ಗೋದಲಿ ಇದ್ದರೂ ಕ್ರಿಸ್ತ ಜಯಂತಿ ಪೂರ್ಣವಾಗುವುದಿಲ್ಲ.

ನಮ್ಮ ನಾಡಿನಲ್ಲಿ ಹಬ್ಬದ ತಟ್ಟೆಗೆ ದೊಡ್ಡ ಸ್ಥಾನವಿದೆ. ಯುಗಾದಿಗೆ ಪಕ್ಕದ ಮನೆಯಿಂದ ಹೋಳಿಗೆ ಬರುತ್ತದೆ, ರಂಜಾನಿಗೆ ಎದುರುಮನೆಯಿಂದ ಸುರಕುಂಬ ಬರುತ್ತದೆ. ಕ್ರಿಸ್ಮಸ್ಸಿಗೆ ನಮ್ಮ ಮನೆಯ ತಟ್ಟೆ ಕಸೂತಿಯ ಬಟ್ಟೆ ಹೊದ್ದು ಹೊರಡುತ್ತದೆ. ಕೊಟ್ಟ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸದೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವ ನೆರೆಹೊರೆ ನಮ್ಮದು. ಈ ತಟ್ಟೆಯನ್ನು ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಿ. ನೆರೆಯವರನ್ನು ಹೆಸರು ಹಿಡಿದು, ಅಂಕಲ್ ಆಂಟಿ ಎಂದಲ್ಲ, ಮಾವ ಅತ್ತೆ ಎಂದು ಕರೆದು ಕೊಡಲು ಕಲಿಸಿ. ಧರ್ಮ ಧರ್ಮಗಳ ನಡುವೆ ಅನುಮಾನ ಬಿತ್ತುವವರು ಯಾವ ಕಾಲದಲ್ಲೂ ಇರುತ್ತಾರೆ. ತಟ್ಟೆ ಹಿಡಿದು ಹತ್ತು ಮನೆಯ ಹೊಸ್ತಿಲು ತುಳಿದು ಬೆಳೆದ ಮಗುವಿನ ಎದೆಯಲ್ಲಿ ಆ ಬೀಜ ಸುಲಭವಾಗಿ ಮೊಳೆಯುವುದಿಲ್ಲ.

ಆದರೆ ತಟ್ಟೆಗಳನ್ನು ಎಣಿಸಿ ಜೋಡಿಸುವಾಗ ಮಗು ಒಂದು ಪ್ರಶ್ನೆ ಕೇಳಬಹುದು. 'ಅಮ್ಮಾ, ದೊಡ್ಡಪ್ಪನ ಮನೆಗೆ ಇಲ್ವಾ?'

ಅಡುಗೆಮನೆಯಲ್ಲಿ ಆಗ ಮೌನ ಆವರಿಸುತ್ತದೆ. ಆಸ್ತಿ ಪಾಲಿನ ವಿಷಯಕ್ಕೋ, ಮದುವೆಗೆ ಕರೆಯಲಿಲ್ಲವೆಂದೋ, ಆಸ್ಪತ್ರೆಗೆ ನೋಡಲು ಬರಲಿಲ್ಲವೆಂದೋ ಮಾತು ನಿಂತು ಎಷ್ಟೋ ವರ್ಷಗಳಾದ ಮನೆಗಳು ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲೂ ಇವೆ. ಒಂದೇ ದೇವಾಲಯಕ್ಕೆ ಬರುತ್ತಾರೆ, ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುತ್ತಾರೆ, ಶಾಂತಿಯ ವಂದನೆಯ ಹೊತ್ತಿಗೆ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗಿ ಬಾ ಎಂದು ಪ್ರಭು ಮತ್ತಾಯನ ಶುಭಸಂದೇಶದಲ್ಲಿ ಹೇಳುತ್ತಾರೆ. ಮಗು ಆ ಮಾತನ್ನು ಧರ್ಮೋಪದೇಶದ ತರಗತಿಯಲ್ಲಿ ಕಲಿತು ಬರುತ್ತದೆ. ಮನೆಯಲ್ಲಿ ನಾವು ಅದಕ್ಕೆ ಏನು ಕಲಿಸುತ್ತೇವೆ? 'ಅವರ ಮನೆಗೆ ಹೋಗಬೇಡ' ಎಂಬ ಒಂದು ಮಾತಿನಲ್ಲಿ ನಮ್ಮ ಜಗಳವನ್ನು ಅದರ ಕೈಗೂ ದಾಟಿಸಿಬಿಡುತ್ತೇವೆ. ದೊಡ್ಡಪ್ಪನ ಮಕ್ಕಳು ಮುಂದೊಂದು ದಿನ ಬೀದಿಯಲ್ಲಿ ಎದುರಾದರೆ ಗುರುತಿಸದೆ ಹೋಗುವ ಅಪರಿಚಿತರಾಗುತ್ತಾರೆ. ಇದೂ ಸಂಪ್ರದಾಯವೇ, ಪ್ರಿಯರೇ. ಇದನ್ನು ನಾವು ಕೊಡಬೇಕೇ?

ಕೋರ್ಟಿನಲ್ಲಿರುವ ವ್ಯಾಜ್ಯ ಒಂದು ತಟ್ಟೆ ಕರ್ಜಿಕಾಯಿಯಿಂದ ತೀರುವುದಿಲ್ಲ, ನಿಜ. ನ್ಯಾಯ ಕೇಳುವುದು ತಪ್ಪೂ ಅಲ್ಲ. ಆದರೆ ವ್ಯಾಜ್ಯ ಜಮೀನಿನದು; ಮುಖ ನೋಡಿ 'ಚೆನ್ನಾಗಿದ್ದೀರಾ ಅಣ್ಣಾ' ಎನ್ನುವುದಕ್ಕೆ ಯಾವ ತಡೆಯಾಜ್ಞೆಯೂ ಇಲ್ಲ. ಈ ಸಲ 24ರ ಸಂಜೆಯೊಳಗೆ ಆ ಒಂದು ತಟ್ಟೆ ಹೊರಡಲಿ. ಮಗುವನ್ನು ಮುಂದೆ ಬಿಟ್ಟು ನಾವು ಬೀದಿ ತಿರುವಿನಲ್ಲಿ ನಿಲ್ಲುವುದು ಬೇಡ. ಅಪ್ಪನೇ ಹೋಗಲಿ, ಮಗು ಕೈ ಹಿಡಿದು ಜೊತೆಯಲ್ಲಿರಲಿ. 'ಅವರು ತೆಗೆದುಕೊಳ್ಳದಿದ್ದರೆ?' ಎನ್ನಬಹುದು. ಆಗಲಿ. ಬಾಗಿಲು ಮುಚ್ಚಿಸಿಕೊಂಡವರಲ್ಲಿ ಜೋಸೆಫರೇ ಮೊದಲಿಗರು. ತಟ್ಟೆಯನ್ನು ಮನೆಗೆ ತನ್ನಿ, ಮುಂದಿನ ವರ್ಷ ಮತ್ತೆ ಹೋಗಿ. ನಮ್ಮಪ್ಪ ಮೊದಲು ಹೋದರು ಎಂಬುದು ಆ ಮಗುವಿನ ನೆನಪಿನಲ್ಲಿ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಆಸ್ತಿಯನ್ನು ಯಾವ ತಂದೆಯೂ ಮಗನ ಹೆಸರಿಗೆ ಬರೆಯಲಾರ.

ಕುಡಿತದಿಂದ ನಲುಗಿದ ಮನೆಗಳಿಗೂ ಇದೇ ಮಾತು. ಈ ಹಬ್ಬದಂದು ಅಪ್ಪ ಕುಡಿಯದೆ ಮಗುವಿನ ಪಕ್ಕದಲ್ಲಿ ಮಧ್ಯರಾತ್ರಿಯ ಪೂಜೆಗೆ ನಿಲ್ಲುವುದಾದರೆ, ಆ ಮಗುವಿಗೆ ಬೇರಾವ ಉಡುಗೊರೆಯೂ ಬೇಕಿಲ್ಲ. ಒಬ್ಬರಿಂದಲೇ ಆಗದಿದ್ದರೆ ಸಹಾಯ ಕೇಳುವುದರಲ್ಲಿ ನಾಚಿಕೆಯಿಲ್ಲ. ಗುರುಗಳ ಮನೆಯ ಬಾಗಿಲು ಅದಕ್ಕಾಗಿಯೇ ಇದೆ.

ಈ ವರ್ಷ ಸಾವಿನ ನೋವುಂಡ ಮನೆಗಳಿಗೂ ನಮ್ಮ ಬಾಗಿಲು ತೆರೆಯಲಿ. ಅಂಥ ಮನೆಯವರು ಒಲೆಗೆ ಎಣ್ಣೆ ಬಾಣಲೆ ಇಡುವುದಿಲ್ಲ. ನೆರೆಹೊರೆಯವರೇ ತಿಂಡಿ ಒಯ್ದು ಕೊಡುವುದು ನಮ್ಮಲ್ಲಿ ಅನೇಕ ಕಡೆ ಇರುವ ಸದ್ಗುಣ. ಮಕ್ಕಳನ್ನು ಕರೆದುಕೊಂಡು ಹೋಗಿ ಹತ್ತು ನಿಮಿಷ ಕೂತು ಬನ್ನಿ. ಹಬ್ಬದ ದಿನ ಅಜ್ಜ ಅಜ್ಜಿಯರ ಸಮಾಧಿಯ ಮೇಲೆ ಒಂದು ಮೋಂಬತ್ತಿ ಹಚ್ಚಿ ಬನ್ನಿ. ಅಳು ಬಂದರೆ ಮಕ್ಕಳ ಮುಂದೆ ಅತ್ತರೂ ಚಿಂತೆಯಿಲ್ಲ. ಗೋದಲಿಯ ಶಿಶು ಹುಟ್ಟಿದ ಸ್ವಲ್ಪ ಕಾಲದಲ್ಲೇ ಬೆತ್ಲೆಹೇಮಿನ ತಾಯಂದಿರು ಗೋಳಿಟ್ಟರು. ಧರ್ಮಸಭೆ ಡಿಸೆಂಬರ್ 28ರಂದು ಆ ಮುಗ್ಧ ಶಿಶುಗಳನ್ನು ನೆನೆಯುತ್ತದೆ. ಕ್ರಿಸ್ಮಸ್ ಕಣ್ಣೀರನ್ನು ಹೊರಗಟ್ಟುವ ಹಬ್ಬವಲ್ಲ.

ಬಡವರಿಗೆ ಕೊಡುವಾಗಲೂ ಮಗುವಿನ ಕೈ ಇರಲಿ. ಮುರಿದ ಆಟಿಕೆ, ಬಣ್ಣಗೆಟ್ಟ ಅಂಗಿಯನ್ನು ಮೂಟೆ ಕಟ್ಟಿ ಕೊಡುವುದು ಮನೆ ಸ್ವಚ್ಛ ಮಾಡಿದಂತೆ ಆಗುತ್ತದೆ, ದಾನವಾಗುವುದಿಲ್ಲ. ತನ್ನ ಹುಂಡಿಯಲ್ಲಿ ಕೂಡಿಟ್ಟ ಹಣದಿಂದ, ಬೀದಿಯಾಚೆ ಕಟ್ಟಡ ಕೆಲಸದವರ ಶೆಡ್ಡಿನಲ್ಲಿರುವ ತನ್ನದೇ ವಯಸ್ಸಿನ ಮಗುವಿಗೆ ಒಂದು ಹೊಸ ಅಂಗಿ ಕೊಳ್ಳಲಿ. ಯೇಸು ಹುಟ್ಟಿದ್ದು ಸ್ವಂತ ಊರು ಬಿಟ್ಟು ಬಂದ ದಂಪತಿಗಳಿಗೆ ಎಂಬುದು ಅದಕ್ಕೆ ಆಗ ಅರ್ಥವಾಗುತ್ತದೆ.

ಪ್ರೀತಿಯ ತಂದೆತಾಯಿಗಳೇ, ಇಷ್ಟೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಬೇಕಾಗಿಲ್ಲ. ಕೈಗೊಂದು, ಕಿವಿಗೊಂದು, ಬಾಗಿಲಿಗೊಂದು, ಹೀಗೆ ಮೂರನ್ನೇ ಆರಿಸಿಕೊಳ್ಳಿ. ಮುಂದಿನ ವರ್ಷವೂ ಅದನ್ನೇ ಮಾಡಿ. ಮಕ್ಕಳಿಗೆ ಹೊಸದಕ್ಕಿಂತ 'ಕಳೆದ ಸಲದ ಹಾಗೇ' ಎಂಬುದೇ ಹೆಚ್ಚು ಇಷ್ಟ. ಇನ್ನು 15 ವರ್ಷಗಳಲ್ಲಿ ಈ ಮಕ್ಕಳು ಹಾಸ್ಟೆಲಿನಲ್ಲೋ, ಪಿ.ಜಿ.ಯಲ್ಲೋ, ಸಮುದ್ರದಾಚೆಯೋ ಇರುತ್ತಾರೆ. ಅಲ್ಲೊಂದು ಡಿಸೆಂಬರಿನಲ್ಲಿ ರಜೆ ಸಿಗದೆ ಒಂಟಿಯಾಗಿ ಉಳಿದಾಗ, ಯಾರೂ ಹೇಳದಿದ್ದರೂ ಒಂದು ಬಟ್ಟಲಿನಲ್ಲಿ ಮಣ್ಣು ತುಂಬಿ ನಾಲ್ಕು ಕಾಳು ಚೆಲ್ಲುವ ಮನಸ್ಸಾದರೆ, ಪಕ್ಕದ ಕೋಣೆಯ ಒಂಟಿ ಜೀವವನ್ನು ಊಟಕ್ಕೆ ಕರೆಯುವ ಮನಸ್ಸಾದರೆ, ನಾವು ಕೊಟ್ಟದ್ದು ತಲುಪಿತು ಎಂದು ತಿಳಿಯೋಣ.

24ರ ರಾತ್ರಿ ಪೂಜೆಗೆ ಹೊರಡುವ ಮುನ್ನ ಪ್ರತಿ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಆಶೀರ್ವದಿಸಿರಿ. ಅದಕ್ಕೆ ಗುರುಗಳೇ ಬರಬೇಕೆಂದಿಲ್ಲ. ನಿಮ್ಮ ಗೃಹ ಧರ್ಮಸಭೆಯಲ್ಲಿ ಆ ಭಾಗ್ಯ ನಿಮ್ಮದು.

ಪ್ರಾರ್ಥಿಸೋಣ: ಗೋದಲಿಯಲ್ಲಿ ಮಲಗಿದ ಬಾಲಯೇಸುವೇ, ನಮ್ಮ ಮನೆಗಳಿಗೆ ಬನ್ನಿ. ನಮ್ಮ ಮಕ್ಕಳ ಸಣ್ಣ ಕೈಗಳನ್ನು ನಿಮ್ಮ ಸೇವೆಗೆ ಅಣಿಮಾಡಿರಿ. ನಮ್ಮ ಮಾತಿನಲ್ಲಿ ನಿಮ್ಮ ಕಥೆಯನ್ನಿಡಿ. ನಾವು ಮುಚ್ಚಿದ ಬಾಗಿಲುಗಳನ್ನು ತೆರೆಯುವ ಧೈರ್ಯವನ್ನು ನಮಗೆ ಕೊಡಿ. ಮರಿಯಮ್ಮನವರೂ ಜೋಸೆಫರೂ ನಿಮ್ಮನ್ನು ಬೆಳೆಸಿದ ಹಾಗೆ ನಮ್ಮ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಲು ನಮಗೆ ಕೃಪೆ ನೀಡಿರಿ. ಆಮೆನ್.

ನಿಮ್ಮೆಲ್ಲರ ಕುಟುಂಬಗಳಿಗೆ ಕ್ರಿಸ್ತ ಜಯಂತಿಯ ಹಾರ್ದಿಕ ಶುಭಾಶಯಗಳು.